ಗಂಟೆ, ಕೊಂಬು, ಕೆಂಪು ದೀಪ

“ರಸ್ತೆಯೇನು ನಿಮ್ಮಪ್ಪನದೇ?” — ನಮ್ಮ ಊರುಗಳ ಬೀದಿಯಲ್ಲಿ ಸೈಕಲ್ ತುಳಿದ ಯಾರಿಗೂ ಈ ಪ್ರಶ್ನೆ ಅಪರಿಚಿತವಲ್ಲ. ಹಿಂದಿನಿಂದ ಬಂದ ಮೋಟಾರು ಮೊದಲು ಒಂದೆರಡು ಸಲ ಹಾರನ್ನು ಬಾರಿಸುತ್ತದೆ. ಪಕ್ಕಕ್ಕೆ ಸರಿಯಲು ಪಕ್ಕವೇ ಇಲ್ಲದ ಜಾಗದಲ್ಲಿ ಸೈಕಲ್ಲಿನವನು ಅರೆಗಳಿಗೆ ತಡಮಾಡುತ್ತಾನೆ. ಮೋಟಾರು ಅವನ ಮೊಣಕೈ ಸವರುವಷ್ಟು ಹತ್ತಿರದಲ್ಲಿ ಹಾದುಹೋಗುತ್ತದೆ. ಹಾದುಹೋಗುವಾಗ ಕಿಟಕಿಯಿಂದ ಒಂದು ತಲೆ ಹೊರಬಂದು ಈ ಪ್ರಶ್ನೆಯನ್ನು ಎಸೆದುಬಿಡುತ್ತದೆ. ಉತ್ತರ ಕೇಳಲು ಯಾರೂ ನಿಲ್ಲುವುದಿಲ್ಲ. ನಾಲ್ಕು ದಶಕಗಳ ಕಾಲ ಸೈಕಲ್ಲಿನಲ್ಲೇ ಕಾಲೇಜಿಗೆ ಹೋಗಿ ಬಂದವನಾದುದರಿಂದ ನನಗೂ ಈ ಪ್ರಶ್ನೆ ಸಾಕಷ್ಟು ಸಲ ಸಂದಿದೆ. ಬೈಗುಳದ ವೇಷದಲ್ಲಿ ಬರುತ್ತದೆ ಎಂದು ಅದನ್ನು ನಾವು ತಳ್ಳಿಹಾಕುತ್ತೇವೆ. ಆದರೆ ಅದು ನಿಜವಾಗಿಯೂ ಒಂದು ಪ್ರಶ್ನೆಯೇ ಹೌದು. ನೂರೈವತ್ತು ವರ್ಷಗಳಿಂದ ಹಲವು ದೇಶಗಳ ನ್ಯಾಯಾಲಯಗಳೂ ಶಾಸನಸಭೆಗಳೂ ಅದಕ್ಕೆ ಉತ್ತರ ಹುಡುಕುತ್ತ ಬಂದಿವೆ. ಆ ಹುಡುಕಾಟದ ಕತೆಯನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದು ನನ್ನ ಅಪೇಕ್ಷೆ.

ಮೊದಲು ನಮ್ಮ ನುಡಿ ಏನು ಹೇಳುತ್ತದೆಂದು ನೋಡೋಣ. ‘ಹೆದ್ದಾರಿ’ ಎಂಬ ಪದವನ್ನು ಬಿಡಿಸಿದರೆ ‘ಹಿರಿದು ದಾರಿ’ ಎಂದಾಗುತ್ತದೆ. ಹಿರಿದಾದ ದಾರಿ ಎಂದು ಅದರ ಅರ್ಥವೇ ಹೊರತು ಹಿರಿಯರ ದಾರಿ ಎಂದಲ್ಲ. ‘ರಾಜಮಾರ್ಗ’ ಎಂಬ ಮಾತೂ ಹಾಗೆಯೇ. ಅರಸನೊಬ್ಬನೇ ನಡೆಯುವ ದಾರಿಯನ್ನು ಯಾರೂ ರಾಜಮಾರ್ಗವೆಂದು ಕರೆದಂತಿಲ್ಲ. ಅರಸನ ರಕ್ಷಣೆಯಲ್ಲಿ ಎಲ್ಲರೂ ನಡೆಯುವ ದಾರಿ ಅದು. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿಯೂ ಹೆದ್ದಾರಿಗೆ ‘ರಾಜನ ಹೆದ್ದಾರಿ’ ಎಂದೇ ಹೆಸರು. ಪ್ರಜೆಗಳೆಲ್ಲರಿಗೂ ಅದರಲ್ಲಿ ಹೋಗುವ, ಮರಳಿ ಬರುವ ಹಕ್ಕು ಉಂಟೆಂದೇ ಆ ಹೆಸರಿನ ತಾತ್ಪರ್ಯ. ಆದುದರಿಂದ ದಾರಿ ಯಾರದು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿಯೇ ಇದೆ: ಅದು ಎಲ್ಲರದು. ನಿಜವಾದ ತೊಡಕು ಇರುವುದು ಮುಂದಿನ ಪ್ರಶ್ನೆಯಲ್ಲಿ. ಎಲ್ಲರದೂ ಆದ ದಾರಿಯಲ್ಲಿ ಎಚ್ಚರದಿಂದಿರಬೇಕಾದ ಹೊಣೆ ಯಾರದು? ನೋಯಿಸಬಲ್ಲವನದೋ, ನೋಯಬಲ್ಲವನದೋ?

ಈ ಪ್ರಶ್ನೆ ಮೋಟಾರಿಗಿಂತ ಬಹಳ ಹಳೆಯದು. ಮನುಸ್ಮೃತಿಯ ಇತರ ವಿಧಿಗಳ ಬಗೆಗೆ ನಮಗೆ ಇರುವ ತಕರಾರುಗಳು ಬೇರೆ. ದಾರಿಯ ವಿಷಯದಲ್ಲಿ ಅದು ಹೇಳಿರುವುದು ಮಾತ್ರ ಕುತೂಹಲಕರವಾಗಿದೆ. ಅದರ ಎರಡನೆಯ ಅಧ್ಯಾಯದಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬ ಒಂದು ಪಟ್ಟಿಯುಂಟು. ವಾಹನದಲ್ಲಿರುವವನು, ತೊಂಬತ್ತು ದಾಟಿದ ವೃದ್ಧ, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ಅರಸ, ಮದುವಣಿಗ — ಇವರಿಗೆ ದಾರಿ ಬಿಡತಕ್ಕದ್ದು. ಪಟ್ಟಿಯ ಬಹುಪಾಲು ದುರ್ಬಲರ ಕಡೆಗಿದ್ದರೂ ಮೊದಲ ಹೆಸರು ಚಕ್ರದವನದು! ಎಂಟನೆಯ ಅಧ್ಯಾಯದಲ್ಲಿ ಗಾಡಿಯಿಂದಾದ ಅಪಾಯಗಳಿಗೆ ದಂಡವನ್ನು ವಿಧಿಸುವ ಭಾಗವಿದೆ. ಸಾರಥಿ ಅಕುಶಲನಾಗಿದ್ದರೆ ಗಾಡಿಯ ಒಡೆಯನಿಗೆ ದಂಡ. ಕುಶಲನಾಗಿದ್ದೂ ಅಪಾಯ ಮಾಡಿದರೆ ಸಾರಥಿಗೇ ದಂಡ. ಆದರೆ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ಗಾಲಿ ಮುರಿದರೆ ಎಂದು ಮುಂತಾಗಿ ಸಾಗುವ ಈ ಪಟ್ಟಿಯ ಕೊನೆಯ ಬಾಬು ಬಹಳ ಸ್ವಾರಸ್ಯಕರವಾದದ್ದು: ಸಾರಥಿ ‘ಸರಿ, ಸರಿ’ ಎಂದು ಗಟ್ಟಿಯಾಗಿ ಕೂಗಿದ್ದರೆ ಅವನಿಗೆ ದಂಡವಿಲ್ಲ.

ಉಳಿದ ಒಂಬತ್ತೂ ಸಾರಥಿಯ ಕೈಮೀರಿದ ಅವಘಡಗಳು. ಹತ್ತನೆಯದು ಹಾಗಲ್ಲ. ಗಾಡಿ ಸರಿಯಾಗಿಯೇ ಇದೆ, ಎತ್ತುಗಳು ಅಂಕೆಯಲ್ಲಿಯೇ ಇವೆ. ಕೂಗಿದ್ದು ಒಂದೇ ಹೆಚ್ಚಿನ ಸಂಗತಿ. ಕೂಗಿದ ಕ್ಷಣಕ್ಕೆ ಹೊಣೆ ಗಾಡಿಯವನ ಹೆಗಲಿನಿಂದ ಇಳಿದು ದಾರಿಹೋಕನ ಹೆಗಲನ್ನು ಏರಿತು. ಇಂದಿನ ಚಾಲಕ ಈ ಶ್ಲೋಕವನ್ನು ಓದಿದವನಲ್ಲ. ಆದರೂ ‘ಹಾರನ್ನು ಹೊಡೆದೆನಲ್ಲ’ ಎಂದು ಅವನು ಅಪಘಾತದ ಜಾಗದಲ್ಲಿ ನಿಂತು ಹೇಳುವಾಗ ಅದೇ ಹತ್ತನೆಯ ವಿನಾಯಿತಿಯನ್ನು ಕೇಳುತ್ತಿರುತ್ತಾನೆ.

ಇನ್ನು ಸೈಕಲ್ಲಿನ ಕತೆಗೆ ಬರೋಣ. 1817ನೆಯ ಇಸವಿ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಗಾಲಿಗಳ ಮರದ ಯಂತ್ರವೊಂದರ ಮೇಲೆ ಕುಳಿತು ಸವಾರಿ ಹೊರಟನು. ಅದಕ್ಕೆ ಪೆಡಲಿರಲಿಲ್ಲ, ಕಾಲುಗಳಿಂದ ನೆಲವನ್ನು ಒದೆಯುತ್ತ ಮುಂದೆ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಬಂತು. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಆ ಮುಂದಿನ ಗಾಲಿ ಆಳೆತ್ತರಕ್ಕೆ ಸಮೀಪವಾಗಿ ಬೆಳೆಯಿತು. ಆ ಎತ್ತರದ ಗಾಲಿಯ ಮೇಲೆ ಕುಳಿತ ತರುಣರು ಹಳ್ಳಿಯ ದಾರಿಗಳಲ್ಲಿ ಕಾಣಿಸಿಕೊಂಡಾಗ ಅಲ್ಲಿದ್ದವರಿಗೆ ಸಂತೋಷವೇನೂ ಆಗಲಿಲ್ಲ. ಕುದುರೆಗಳು ಬೆದರಿದವು; ಗಾಡಿಯವರು ಸಿಡುಕಿದರು. ‘ಗಾಲಿಯ ಮೇಲಿನ ಪುಂಡರು’ ಎಂಬ ಅರ್ಥದ ಬಿರುದು ಸವಾರರಿಗೆ ದೊರೆಯಿತು. ಇಂದು ಮೋಟಾರು ಸೈಕಲ್ಲನ್ನು ನೋಡುವ ಕಣ್ಣಿನಿಂದಲೇ ಅಂದು ಕುದುರೆಗಾಡಿ ಸೈಕಲ್ಲನ್ನು ನೋಡುತ್ತಿತ್ತು.

ಈ ಹಗೆ ಬರಿಯ ಮಾತಿನಲ್ಲಿ ಮುಗಿಯಲಿಲ್ಲ. 1876ರಲ್ಲಿ ಲಂಡನ್ನಿಗೆ ಸಮೀಪದ ಸೇಂಟ್ ಆಲ್ಬನ್ಸ್ ದಾರಿಯಲ್ಲಿ ನಡೆದ ಘಟನೆಯೊಂದು ಸೈಕಲ್ಲಿನ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಕುದುರೆಗಳ ಕೋಚುಗಾಡಿಯೊಂದನ್ನು ದಾಟಿಹೋಗುತ್ತಿದ್ದ ಸೈಕಲ್ ಸವಾರನ ಮೇಲೆ ಸಾರಥಿ ಚಾಟಿ ಬೀಸಿದನು. ಗಾಡಿಯ ಹಿಂಬದಿಯಲ್ಲಿದ್ದ ಕಾವಲಿನವನು ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡೊಂದನ್ನು ಸೈಕಲ್ಲಿನ ಗಾಲಿಯ ಕಡ್ಡಿಗಳ ನಡುವೆ ಎಸೆದು ಸವಾರನನ್ನು ನೆಲಕ್ಕೆ ಕೆಡವಿದನು. ಹಗ್ಗ ಕಟ್ಟಿದ ಗುಂಡು ದಾರಿಯಲ್ಲಿ ಬಿದ್ದು ಸಿಕ್ಕುವ ವಸ್ತುವಲ್ಲ. ಮನೆಯಿಂದ ಹೊರಡುವಾಗಲೇ ಸಿದ್ಧಮಾಡಿಕೊಂಡು ಬಂದದ್ದು. ಕ್ಷಣದ ಕೋಪಕ್ಕೂ ಸಿದ್ಧಮಾಡಿದ ಹಗೆಗೂ ಇರುವ ಅಂತರವನ್ನು ಆ ಗುಂಡು ತೋರಿಸುತ್ತದೆ. ಮೊಕದ್ದಮೆ ನಡೆದು ಇಬ್ಬರಿಗೂ ದಂಡವಾಯಿತು.

ಇಂಥ ಪ್ರಸಂಗಗಳಿಂದ ಸವಾರರು ಒಂದು ಪಾಠವನ್ನು ಕಲಿತರು. ಒಂಟಿ ಸವಾರನು ಕೂಗಾಡಿ ಪ್ರಯೋಜನವಿಲ್ಲ. ಸಂಘ ಬೇಕು, ವಕೀಲ ಬೇಕು. 1878ರಲ್ಲಿ ಹ್ಯಾರೊಗೇಟ್ ಎಂಬ ಊರಿನಲ್ಲಿ ಸೈಕಲ್ ಪ್ರವಾಸಿಗರ ಸಂಘವೊಂದು ಹುಟ್ಟಿತು. ಮುಂದೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಾದದ್ದು ಇದೇ.

ಅದರ ಮರುವರ್ಷ, 1879ರಲ್ಲಿ, ‘ಟೇಲರ್ ವಿರುದ್ಧ ಗುಡ್‌ವಿನ್’ ಎಂಬ ಮೊಕದ್ದಮೆಯ ತೀರ್ಪು ಬಂತು. ಸೈಕಲ್ಲನ್ನು ವಿಪರೀತ ವೇಗದಿಂದ ಓಡಿಸಿದ ಆರೋಪ ಒಬ್ಬ ಸವಾರನ ಮೇಲಿತ್ತು. 1835ರ ಹೆದ್ದಾರಿ ಕಾಯಿದೆಯ ಪ್ರಕಾರ ‘ಗಾಡಿ’ಯನ್ನು ಹಾಗೆ ಓಡಿಸುವುದು ಅಪರಾಧ. ಆದರೆ ಆ ಕಾಯಿದೆಯಾದಾಗ ಪೆಡಲಿನ ಸೈಕಲ್ಲೇ ಇರಲಿಲ್ಲವಾದುದರಿಂದ ಅದು ಗಾಡಿಯೇ ಅಲ್ಲವೆಂದು ಸವಾರನ ವಾದ. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಸೈಕಲ್ಲೂ ಗಾಡಿಯೇ ಎಂದು ತೀರ್ಪಿತ್ತಿತು, ಸವಾರ ಸೋತನು. ಆದರೆ ಅವನ ಸೋಲಿನಲ್ಲಿ ಸೈಕಲ್ ಗೆದ್ದಿತು. ಗಾಡಿ ಎಂದಾದ ಮೇಲೆ ಗಾಡಿಗಿರುವ ಹಕ್ಕುಗಳೂ ಅದಕ್ಕೆ ಬರಲೇಬೇಕಲ್ಲವೇ? ದಂಡದ ಬಾಗಿಲಿನಿಂದ ಹಕ್ಕು ಒಳಗೆ ಬಂದ ಇಂಥ ಉದಾಹರಣೆಗಳು ಕಾನೂನಿನ ಚರಿತ್ರೆಯಲ್ಲಿ ಅಪರೂಪವೇ ಸರಿ. 1888ರ ಸ್ಥಳೀಯ ಸರಕಾರಗಳ ಕಾಯಿದೆಯ 85ನೆಯ ವಿಧಿಯಲ್ಲಿ ಪಾರ್ಲಿಮೆಂಟು ಈ ಮಾತನ್ನು ಸ್ಪಷ್ಟಪಡಿಸಿ ಸೈಕಲ್ಲನ್ನು ಗಾಡಿಯೆಂದು ಘೋಷಿಸಿತು.

ಅದೇ ವಿಧಿಯಲ್ಲಿ ಎರಡು ಷರತ್ತುಗಳಿದ್ದವು. ಈ ಎರಡನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು; ನನ್ನ ಮುಂದಿನ ಮಾತೆಲ್ಲ ಇವುಗಳ ಮೇಲೆ ನಿಂತಿದೆ. ಸೈಕಲ್ಲಿನವನು ಗಾಡಿಯನ್ನಾಗಲಿ ಪ್ರಾಣಿಯನ್ನಾಗಲಿ ನಡೆದು ಹೋಗುವವನನ್ನಾಗಲಿ ಹಿಂದಿನಿಂದ ಬಂದು ದಾಟುವಾಗ ಗಂಟೆಯನ್ನೋ ಸಿಳ್ಳೆಯನ್ನೋ ಬಾರಿಸಿ ಎಚ್ಚರಿಕೆ ಕೊಡತಕ್ಕದ್ದು — ಇದು ಮೊದಲನೆಯದು. ರಾತ್ರಿ ವೇಳೆ ತಾನು ಹೋಗುವ ದಿಕ್ಕಿಗೆ ಬೆಳಕು ಬೀರುವ ದೀಪವನ್ನು ಇಟ್ಟುಕೊಳ್ಳತಕ್ಕದ್ದು — ಇದು ಎರಡನೆಯದು. ಎರಡೂ ಹಿಂದಿನಿಂದ ಬರುವವನ ಮೇಲೆ, ವೇಗವಾಗಿ ಹೋಗುವವನ ಮೇಲೆ ಹೊರಿಸಿದ ಹೊಣೆಗಳು. ಮುಂದೆ ಹೋಗುವ ದನಗಾಡಿ ಬೆನ್ನಿಗೆ ದೀಪ ಕಟ್ಟಿಕೊಳ್ಳಬೇಕೆಂದು ಆ ವಿಧಿ ಹೇಳಲಿಲ್ಲ. ವೇಗ ನಿನ್ನದಾದರೆ ಎಚ್ಚರವೂ ನಿನ್ನದು ಎಂಬುದು 1888ರ ನ್ಯಾಯ.

ಅಷ್ಟರಲ್ಲಿ ಸೈಕಲ್ಲಿನ ರೂಪವೂ ಬದಲಾಗಿತ್ತು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ‘ರೋವರ್’ ಸೈಕಲ್ಲಿಗೆ ನಮ್ಮ ಇಂದಿನ ಸೈಕಲ್ಲಿನಂತೆ ಹೆಚ್ಚು ಕಡಮೆ ಸಮನಾದ ಎರಡು ಗಾಲಿಗಳು, ಹಿಂಗಾಲಿಗೆ ಸರಪಣಿ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದನು. ಸೈಕಲ್ ಈಗ ಹೆಂಗಸರಿಗೂ ಸಾಮಾನ್ಯರಿಗೂ ಎಟುಕಿತು. ಜೊತೆಗೆ ಅತಿವೇಗದ ಪುಂಡಾಟವೂ ಬೆಳೆಯಿತು. 1890ರ ದಶಕದ ಪತ್ರಿಕೆಗಳಲ್ಲಿ ಅಂಥವರನ್ನು ಹಳಿಯುವ ಬರಹಗಳು ಹೇರಳ. ಸೈಕಲ್ಲಿನವರೆಲ್ಲ ಸಾಧುಗಳು ಎಂದು ವಾದಿಸುವ ಉದ್ದೇಶ ನನ್ನದಲ್ಲ. ಕಾಲ್ನಡಿಗೆಯವನ ಮುಂದೆ ಸೈಕಲ್ಲೇ ಬಲಿಷ್ಠ. ಗಂಟೆಯ ಕಟ್ಟಳೆ ಅದಕ್ಕೆ ತಕ್ಕದ್ದೇ ಆಗಿತ್ತು.

ಈ ಕಾಲದ ಇನ್ನೊಂದು ಸಂಗತಿ ಇಂದು ಬಹುಮಟ್ಟಿಗೆ ಮರೆತುಹೋಗಿದೆ. ರೈಲು ಬಂದ ಮೇಲೆ ಹಾಳುಬಿದ್ದಿದ್ದ ಇಂಗ್ಲೆಂಡಿನ ರಸ್ತೆಗಳನ್ನು ದುರಸ್ತಿಗೊಳಿಸಬೇಕೆಂದು ಮೊದಲು ದನಿಯೆತ್ತಿದವರಲ್ಲಿ ಸೈಕಲ್ಲಿನವರೇ ಮುಖ್ಯರು. 1880ರ ದಶಕದಲ್ಲಿ ಸೈಕಲ್ ಸಂಘಗಳು ಸೇರಿ ರಸ್ತೆ ಸುಧಾರಣಾ ಸಂಘವನ್ನು ಕಟ್ಟಿದವು. ಅಮೆರಿಕದಲ್ಲಿ 1880ರಲ್ಲಿ ಸ್ಥಾಪಿತವಾದ ಸವಾರರ ಒಕ್ಕೂಟ ‘ಒಳ್ಳೆಯ ರಸ್ತೆ’ಗಳ ಚಳವಳಿಯನ್ನು ನಡೆಸಿತು, ಅದೇ ಹೆಸರಿನ ಪತ್ರಿಕೆಯನ್ನು 1892ರಲ್ಲಿ ಹೊರತಂದಿತು. ಇಂಗ್ಲೆಂಡಿನಲ್ಲಿ 1909ರ ಕಾಯಿದೆಯಿಂದ ರಸ್ತೆ ಮಂಡಳಿ ಹುಟ್ಟಿದಾಗ ಅದರ ಕಾರ್ಯದರ್ಶಿಯಾದ ರೀಸ್ ಜೆಫ್ರಿಸ್ ಸೈಕಲ್ ಸಂಘದಿಂದ ಬಂದವನು. ಮೋಟಾರು ಬಂದು ಓಡಿದ್ದು ಸೈಕಲ್ಲಿನವರು ಬೇಡಿ ಪಡೆದ ರಸ್ತೆಯ ಮೇಲೆ. ಮೊದಲು ಹುಟ್ಟಿದ ಕಿವಿಗಿಂತ ಆಮೇಲೆ ಹುಟ್ಟಿದ ಕೊಂಬು ಗಟ್ಟಿ ಎಂಬ ನಮ್ಮ ಜನರ ಮಾತು ಇಲ್ಲಿ ಎರಡು ಅರ್ಥದಲ್ಲಿಯೂ ನಿಜವಾಯಿತು. ಊದುವ ಕೊಂಬನ್ನು ಹೊತ್ತುಕೊಂಡೇ ಮೋಟಾರು ಬಂತಷ್ಟೆ!

1896ರಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಮೋಟಾರು ಗಂಟೆಗೆ 14 ಮೈಲಿಯವರೆಗೆ ಓಡಬಹುದೆಂದು ಕಾಯಿದೆಯಾಯಿತು. 1903ರಲ್ಲಿ ಆ ಮಿತಿ 20 ಮೈಲಿಗೆ ಏರಿತು. ಮಿತಿ ಮೀರಿದವರನ್ನು ಹಿಡಿಯಲು ಪೊಲೀಸರು ಪೊದೆಗಳ ಮರೆಯಲ್ಲಿ ಗಡಿಯಾರ ಹಿಡಿದು ಕೂರುತ್ತಿದ್ದರು. ಅವರಿಂದ ತಪ್ಪಿಸಿಕೊಳ್ಳಲು ಮೋಟಾರು ಮಾಲೀಕರು 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ಪೊಲೀಸರ ಹೊಂಚನ್ನು ಕಂಡು ಮಾಲೀಕರಿಗೆ ಮುಂದಾಗಿ ತಿಳಿಸಲು ಸಂಘವು ನೇಮಿಸಿದ್ದು ಸೈಕಲ್ ಸವಾರರನ್ನು! ಹೀಗೆ ಎಚ್ಚರಿಸುವುದು ಅಪರಾಧವೆಂದು 1910ರಲ್ಲಿ ನ್ಯಾಯಾಲಯ ಹೇಳಿದ ಮೇಲೆ ಸಂಘ ಇನ್ನೊಂದು ಉಪಾಯ ಹೂಡಿತು. ಸೈಕಲ್ಲಿನ ಕಾವಲುಗಾರ ಸದಸ್ಯರ ಮೋಟಾರಿಗೆ ವಾಡಿಕೆಯಂತೆ ಸಲಾಮು ಹೊಡೆಯದಿದ್ದರೆ ಮುಂದೆ ಪೊಲೀಸರಿದ್ದಾರೆಂದು ತಿಳಿಯಬೇಕು. ಸಲಾಮು ಹೊಡೆಯಲಿಲ್ಲವೆಂದು ಯಾರನ್ನಾದರೂ ಶಿಕ್ಷಿಸಲಾದೀತೇ?

ಇಲ್ಲಿಂದ ಮುಂದೆ ತಕ್ಕಡಿ ನಿಧಾನವಾಗಿ ಒಂದು ಕಡೆಗೆ ವಾಲಿತು. 1927ರಲ್ಲಿ ಇಂಗ್ಲೆಂಡಿನಲ್ಲಿ ರಸ್ತೆ ವಾಹನಗಳ ದೀಪಕ್ಕೆ ಸಂಬಂಧಿಸಿದ ಕಾಯಿದೆ ಬಂತು. ಸೈಕಲ್ಲಿನ ಹಿಂಬದಿಯಲ್ಲಿ ಕೆಂಪು ದೀಪವನ್ನಾಗಲಿ ಬೆಳಕು ಬಿದ್ದರೆ ಹೊಳೆಯುವ ಕೆಂಪು ಗಾಜನ್ನಾಗಲಿ ಇಡಬೇಕೆಂದು ಅದು ವಿಧಿಸಿತು. ದೀಪವೇ ಆಗಬೇಕೆಂಬ ಕಟ್ಟುನಿಟ್ಟು ಎರಡನೆಯ ಮಹಾಯುದ್ಧದ ಕತ್ತಲೆಯ ರಾತ್ರಿಗಳಲ್ಲಿ ಬಂತು. ಸೈಕಲ್ ಸಂಘಗಳು ಈ ಕೆಂಪು ದೀಪವನ್ನು ವರ್ಷಗಟ್ಟಲೆ ವಿರೋಧಿಸಿದವು. ಮೊದಲ ನೋಟಕ್ಕೆ ಇದು ಹಟಮಾರಿತನವಾಗಿ ಕಾಣುತ್ತದೆ. ತನ್ನ ಪ್ರಾಣ ಉಳಿಸುವ ದೀಪವನ್ನು ಯಾರಾದರೂ ಬೇಡವೆನ್ನುತ್ತಾರೆಯೇ? ಆದರೆ ಅವರ ವಾದವನ್ನು ಸಮಾಧಾನದಿಂದ ಕೇಳಬೇಕು. ಮೋಟಾರಿಗೆ ಮುಂದೀಪವಿದೆ. ತನ್ನ ದೀಪದ ಬೆಳಕಿನಲ್ಲಿ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಹೋಗುವುದು ಅದರ ಕರ್ತವ್ಯ. ಅದು ಬಿಟ್ಟು, ಮುಂದೆ ಹೋಗುವವನೇ ಬೆನ್ನಿನ ಮೇಲೆ ‘ನಾನಿಲ್ಲಿದ್ದೇನೆ’ ಎಂದು ಬರೆದುಕೊಳ್ಳಬೇಕೆಂದರೆ, ಬರೆದುಕೊಳ್ಳದವನನ್ನು ಕೊಂದರೆ ತಪ್ಪಿಲ್ಲವೆಂಬ ಮಾತು ನಾಳೆ ಬರುತ್ತದೆ.

1888ರ ಗಂಟೆಗೂ 1927ರ ಕೆಂಪು ದೀಪಕ್ಕೂ ನಡುವೆ ಮೂವತ್ತೊಂಬತ್ತು ವರ್ಷ. ಹಿಂದಿನಿಂದ ಬರುವವನು ಎಚ್ಚರಿಸಬೇಕೆಂದಿದ್ದ ನ್ಯಾಯ, ಮುಂದೆ ಹೋಗುವವನು ಎಚ್ಚರಿಸಬೇಕೆಂದು ತಿರುಗಿತ್ತು. ಎರಡು ಸಲವೂ ಹೊಣೆ ಬಿದ್ದುದು ಸೈಕಲ್ಲಿನವನ ಮೇಲೆಯೇ. ಗಾಡಿಯನ್ನು ದಾಟುವಾಗ ಅವನು ವೇಗಗಾರನೆಂದು ಗಂಟೆ ಬಾರಿಸಿದನು. ಮೋಟಾರು ಅವನನ್ನು ದಾಟುವಾಗ ನಿಧಾನಗಾರನೆಂದು ದೀಪ ಹಚ್ಚಿದನು.

1930ರ ಕಾಯಿದೆಯಲ್ಲಿ ಇಂಗ್ಲೆಂಡು ಕಾರುಗಳ ವೇಗಮಿತಿಯನ್ನೇ ತೆಗೆದುಹಾಕಿತು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,343 ಮಂದಿ. 1935ರಲ್ಲಿ ಊರೊಳಗಿನ ರಸ್ತೆಗಳಿಗೆ 30 ಮೈಲಿಯ ಮಿತಿಯೂ ಹೊಸ ಚಾಲಕರಿಗೆ ಪರೀಕ್ಷೆಯೂ ಬಂದವು. 1934ರ ಡಿಸೆಂಬರಿನಲ್ಲಿ ಸಾರಿಗೆ ಸಚಿವ ಹೋರ್ ಬೆಲಿಷಾ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಬದಿಯಲ್ಲಿ ಸೈಕಲ್ಲಿಗೆಂದೇ ಒಂದು ಪ್ರತ್ಯೇಕ ದಾರಿಯನ್ನು ತೆರೆದನು. ಸೈಕಲ್ ಸಂಘಗಳು ಅದನ್ನೂ ಸ್ವಾಗತಿಸಲಿಲ್ಲ. ಇಂದು ಪಕ್ಕದ ದಾರಿ ಕೊಟ್ಟವರು ನಾಳೆ ಮುಖ್ಯ ದಾರಿಯಿಂದ ಹೊರಗೆ ಹಾಕುತ್ತಾರೆಂಬುದು ಅವರ ಭಯ. 1879ರಲ್ಲಿ ಸೋತು ಗೆದ್ದ ಹಕ್ಕನ್ನು ಈಗ ಗೆದ್ದು ಸೋಲಲು ಅವರು ಸಿದ್ಧರಿರಲಿಲ್ಲ.

ಇದೇ ಪ್ರಶ್ನೆಗೆ ಇನ್ನೊಂದು ಉತ್ತರ ಕೊಟ್ಟ ನಾಡು ಹಾಲೆಂಡು. ಆ ದೇಶದಲ್ಲಿ ಸೈಕಲ್ ಹೆಚ್ಚಾಗಿರುವುದು ನೆಲ ಮಟ್ಟಸವಾಗಿರುವುದರಿಂದ ಎಂದು ಎಲ್ಲರೂ ಹೇಳುತ್ತಾರೆ. ನೆಲ 1960ರ ದಶಕದಲ್ಲಿಯೂ ಮಟ್ಟಸವಾಗಿಯೇ ಇತ್ತು. ಆದರೂ ಆಗ ಅಲ್ಲಿ ಸೈಕಲ್ಲುಗಳು ಕಡಮೆಯಾಗಿ ಕಾರುಗಳು ತುಂಬಿಕೊಳ್ಳುತ್ತಿದ್ದವು. 1971ರ ಒಂದೇ ವರ್ಷದಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬನ ಲೇಖನದ ಶೀರ್ಷಿಕೆಯಿಂದ ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂಬ ಹೆಸರಿನ ಚಳವಳಿ ಹುಟ್ಟಿತು. ತಾಯಂದಿರು, ಮಕ್ಕಳು, ವಿದ್ಯಾರ್ಥಿಗಳು ಬೀದಿಗಿಳಿದರು. 1973ರಲ್ಲಿ ಪೆಟ್ರೋಲಿನ ಅಭಾವ ತಲೆದೋರಿ, ಆ ವರ್ಷದ ನವೆಂಬರ್ 4ರಿಂದ ಕೆಲವು ಭಾನುವಾರಗಳಂದು ಕಾರುಗಳ ಓಡಾಟವನ್ನೇ ಸರಕಾರ ನಿಷೇಧಿಸಿತು. ಖಾಲಿ ರಸ್ತೆ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. ಮುಂದಿನ ವರ್ಷಗಳಲ್ಲಿ ಹೇಗ್, ಟಿಲ್‌ಬುರ್ಗ್ ನಗರಗಳಲ್ಲಿ ಮಾದರಿ ಸೈಕಲ್ ದಾರಿಗಳಾದವು. ಇಂಗ್ಲೆಂಡಿನವರು ಭಯಪಟ್ಟ ಪ್ರತ್ಯೇಕ ದಾರಿ ಇಲ್ಲಿ ವರವಾಯಿತು. ಸೈಕಲ್ಲನ್ನು ಹೊರಗೆ ಹಾಕುವ ಬದಲು ಅದಕ್ಕೆ ಗೌರವದ ಸ್ಥಾನ ಕೊಡುವ ಮನಸ್ಸಿನಿಂದ ಅದನ್ನು ಕಟ್ಟಿದ್ದರು.

ದಾರಿಗಿಂತ ಮುಖ್ಯವಾದದ್ದು ಅಲ್ಲಿನ ಕಾನೂನು. 1994ರ ಡಚ್ ರಸ್ತೆ ಸಂಚಾರ ಕಾಯಿದೆಯ 185ನೆಯ ವಿಧಿಯ ಪ್ರಕಾರ, ಮೋಟಾರಿಗೂ ಸೈಕಲ್ಲಿಗೂ ಡಿಕ್ಕಿಯಾದರೆ ನಷ್ಟಪರಿಹಾರದ ಹೊಣೆ ಮೊದಲಿಗೆ ಮೋಟಾರಿನ ಮಾಲೀಕನದು. ತನ್ನ ಕೈಮೀರಿದ ಕಾರಣದಿಂದ ಅಪಘಾತವಾಯಿತೆಂದು ತೋರಿಸಿಕೊಡಬೇಕಾದವನೂ ಅವನೇ. ಗಾಯಗೊಂಡವರು ಹದಿನಾಲ್ಕು ವರ್ಷದೊಳಗಿನ ಮಕ್ಕಳಾದರೆ ಸಾಮಾನ್ಯವಾಗಿ ಪೂರ್ತಿ ಪರಿಹಾರ ಸಲ್ಲುತ್ತದೆ. ಇದು ಶಿಕ್ಷೆಯ ಮಾತಲ್ಲ, ಪರಿಹಾರದ ಮಾತು. ಆದರೂ ಎಚ್ಚರದ ಹೊಣೆ ಎಲ್ಲಿರಬೇಕೆಂಬ ಬಗ್ಗೆ ಅಲ್ಲಿನ ಸಮಾಜ ತನ್ನ ಅಭಿಪ್ರಾಯವನ್ನು ಹೇಳಿಬಿಟ್ಟಿದೆ. ‘ಕೂಗಿದೆನಲ್ಲ’ ಎಂಬ ವಿನಾಯಿತಿಗೆ ಅಲ್ಲಿ ಬೆಲೆಯಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ನನ್ನ ಬಾಲ್ಯದಲ್ಲಿ ಸೈಕಲ್ಲೆಂಬುದು ಕಟ್ಟುಪಾಡುಗಳ ವಾಹನವಾಗಿತ್ತು. ಪುರಸಭೆಗೆ ವರ್ಷವರ್ಷ ತೆರಿಗೆ ಕಟ್ಟಿ ಲೋಹದ ಬಿಲ್ಲೆಯನ್ನು ತಂದು ಸೈಕಲ್ಲಿಗೆ ಸಿಕ್ಕಿಸಬೇಕಾಗಿತ್ತು. ಸಂಜೆಯಾದರೆ ಸೀಮೆಎಣ್ಣೆಯ ದೀಪವೋ ಡೈನಮೋವೋ ಇರಬೇಕು. ಇಬ್ಬರು ಕೂತರೆ ತಪ್ಪು. ದೀಪವಿಲ್ಲದೆ ಸಿಕ್ಕಿಬಿದ್ದವನ ಚಕ್ರದ ಗಾಳಿಯನ್ನು ಪೊಲೀಸಿನವನು ಬಿಟ್ಟುಕಳಿಸುತ್ತಿದ್ದುದುಂಟು. ಸೈಕಲ್ಲಿಗೆ ಇಷ್ಟೆಲ್ಲ ನೇಮವಿದ್ದ ಕಾಲದಲ್ಲಿ ಲಾರಿಯ ಬೆನ್ನಮೇಲೆ ‘ಹಾರ್ನ್ ಮಾಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಿತ್ತು. ಹಿಂದಿನವನೇ, ನಾನು ನಿನ್ನನ್ನು ನೋಡುವುದಿಲ್ಲ, ನೀನೇ ಕೂಗು ಎಂದು ಅದರ ಭಾವಾರ್ಥ. 2015ರಲ್ಲಿ ಮಹಾರಾಷ್ಟ್ರ ಸರಕಾರ ಲಾರಿಗಳ ಮೇಲೆ ‘ಹಾರ್ನ್ ಓಕೆ ಪ್ಲೀಸ್’ ಎಂಬ ಬರಹವನ್ನು ನಿಷೇಧಿಸಿದ್ದು ಹಾರನ್ನಿನ ಹಾವಳಿಯನ್ನು ತಡೆಯಲೆಂದೇ.

ನಮ್ಮ ಕಾನೂನು ಈ ವಿಷಯದಲ್ಲಿ ನಾವು ಎಣಿಸುವುದಕ್ಕಿಂತ ಮುಂದಿದೆ. 1939ರ ಮೋಟಾರು ವಾಹನ ಕಾಯಿದೆಗೆ 1982ರಲ್ಲಿ ಒಂದು ತಿದ್ದುಪಡಿ ತಂದು, ತಪ್ಪು ಯಾರದೆಂದು ರುಜುವಾತು ಮಾಡದೆಯೇ ಸತ್ತವರ ಕುಟುಂಬಕ್ಕೆ 15,000 ರೂಪಾಯಿ ಕೊಡಿಸುವ ಏರ್ಪಾಡು ಮಾಡಿದರು. 1988ರ ಹೊಸ ಕಾಯಿದೆಯಲ್ಲಿ ಅದು 25,000 ಆಯಿತು, 1994ರಲ್ಲಿ 50,000. 2019ರ ತಿದ್ದುಪಡಿ ಇದನ್ನು ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಎಂದು ಬದಲಿಸಿತು. 2017ರ ಚಾಲನಾ ನಿಯಮಗಳು ಇನ್ನೂ ಸ್ಪಷ್ಟವಾಗಿ, ಕಾಲ್ನಡಿಗೆಯವರು, ಸೈಕಲ್ಲಿನವರು, ಮಕ್ಕಳು, ವೃದ್ಧರು, ಅಂಗವಿಕಲರು ಇವರ ವಿಷಯದಲ್ಲಿ ಚಾಲಕನು ವಿಶೇಷ ಎಚ್ಚರ ವಹಿಸಬೇಕೆಂದು ಹೇಳುತ್ತವೆ. ಹಾರನ್ನನ್ನು ಅನವಶ್ಯಕವಾಗಿ ಬಾರಿಸಬಾರದೆಂದೂ ಹೇಳುತ್ತವೆ. ಮನುವಿನ ಪಟ್ಟಿಯಲ್ಲಿದ್ದ ವೃದ್ಧ, ರೋಗಿ, ಹೊರೆಯವರ ಸಾಲಿಗೆ ಈಗ ಸೈಕಲ್ಲಿನವನೂ ಸೇರಿದ್ದಾನೆ. ಮೊದಲ ಸ್ಥಾನದಲ್ಲಿದ್ದ ಚಕ್ರದವನಿಗೆ ಮಾತ್ರ ಈಗ ಹಕ್ಕಿನ ಬದಲು ಕರ್ತವ್ಯ.

ಕಾನೂನಿನ ಪುಸ್ತಕಕ್ಕೂ ರಸ್ತೆಗೂ ನಡುವಿನ ದೂರ ಮಾತ್ರ ಬಹಳ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಆಡಳಿತದ ಕೈ ಚಾಚುವುದು ಈಗಲೂ ಮೊದಲು ಸೈಕಲ್ಲಿನ ಕಡೆಗೇ. 2013ರಲ್ಲಿ ಕೋಲ್ಕತ್ತದ ಪೊಲೀಸರು ನಗರದ 174 ರಸ್ತೆಗಳಲ್ಲಿ ಸೈಕಲ್ಲನ್ನು ನಿಷೇಧಿಸಿದರು. ಹಾಲು, ಪತ್ರಿಕೆ, ಗ್ಯಾಸು ಮನೆಗೆ ಮುಟ್ಟಿಸುವ ಬಡವರು ಪ್ರತಿಭಟಿಸಿದ ಮೇಲೆ ಆ ಸಂಖ್ಯೆಯನ್ನು ಇಳಿಸಿದರು. ಸೈಕಲ್ಲಿನಿಂದ ವಾಹನಸಂಚಾರ ನಿಧಾನವಾಗುತ್ತದೆಂಬುದು ಕೊಟ್ಟ ಕಾರಣ. ವೆಸ್ಟರ್ನ್ ಅವೆನ್ಯೂವಿನ ಸವಾರರು 1934ರಲ್ಲಿ ಪಟ್ಟ ಭಯ ಹುಸಿಯಾಗಿರಲಿಲ್ಲ. 2020ರಲ್ಲಿ ಕೇಂದ್ರ ಸರಕಾರ ಸೈಕಲ್ಲುಗಳಿಗೆ ಬೆಳಕನ್ನು ಪ್ರತಿಫಲಿಸುವ ಬಿಲ್ಲೆಗಳನ್ನು ಕಡ್ಡಾಯಗೊಳಿಸುವ ಆಜ್ಞೆ ಹೊರಡಿಸಿತು. ಅದು ಒಳ್ಳೆಯದೇ, ಕತ್ತಲೆಯಲ್ಲಿ ಕಾಣಿಸಿಕೊಳ್ಳುವುದರಲ್ಲಿ ನಷ್ಟವಿಲ್ಲ. ಕೆಂಪು ಬಿಲ್ಲೆ ಇದ್ದವನನ್ನು ಕಾಪಾಡಲಿ. ಇಲ್ಲದವನನ್ನು ಕೆಡವಿದವನಿಗೆ ಅದು ನೆವವಾಗದಿದ್ದರೆ ಸಾಕು. ಕಳ್ಳನಿಗೊಂದು ಪಿಳ್ಳೆನೆವ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಬೇರೆ ಬಗೆಯ ಪ್ರಯತ್ನಗಳೂ ಇಲ್ಲದಿಲ್ಲ. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಆರಂಭವಾಯಿತು. ಗಂಟೆಯ ದನಿಯನ್ನೇ ಹೆಸರಾಗಿ ಇಟ್ಟವರ ರಸಿಕತೆಯನ್ನು ಮೆಚ್ಚಬೇಕು.

ಹಾಗಾದರೆ ಇಂದು ರಸ್ತೆಯಲ್ಲಿ ಬೈಸಿಕೊಳ್ಳುವ ಸೈಕಲ್ಲಿನವನು ಏನು ಮಾಡಬೇಕು? ಪ್ರತಿಯಾಗಿ ಬೈದರೆ ಆ ಹೊತ್ತಿನ ಮಾನ ಉಳಿದಂತೆ ತೋರುತ್ತದೆ. ಆದರೆ ಒಂದು ಟನ್ನು ಕಬ್ಬಿಣದೊಳಗೆ ಕುಳಿತವನ ಕೋಪದೊಡನೆ ಹದಿನೈದು ಇಪ್ಪತ್ತು ಕಿಲೋ ತೂಕದ ಸೈಕಲ್ಲಿನ ಕೋಪ ಸೆಣಸಲಾರದು. ಅಂಚಿನ ಜಲ್ಲಿಗೆ, ಚರಂಡಿಯ ಬಾಯಿಗೆ ಇಳಿಯುವುದೂ ಜಾಣತನವಲ್ಲ. ಮರಳಿ ರಸ್ತೆಗೆ ಏರುವಾಗಲೇ ಆಯ ತಪ್ಪುವುದು. ಅಂಚಿನಿಂದ ತುಸು ಒಳಗೆ, ಎಡಬಲ ಓಲಾಡದೆ, ಒಂದೇ ಗೆರೆ ಹಿಡಿದು ಹೋಗುವುದು, ತಿರುಗುವ ಮೊದಲು ಕೈ ತೋರಿಸುವುದು, ದಾರಿ ಅಗಲವಾದ ಕಡೆ ತಾನಾಗಿಯೇ ಬಿಟ್ಟುಕೊಡುವುದು — ಇದು ನಾನು ವರ್ಷಗಳಿಂದ ಪಾಲಿಸಿದ ಕ್ರಮ. ಬೇಕೆಂದೇ ಮೈಮೇಲೆ ಬಂದವನಿದ್ದರೆ ವಾಹನದ ಸಂಖ್ಯೆಯನ್ನು ಬರೆದುಕೊಂಡು ದೂರು ಕೊಡುವುದು. ಒಬ್ಬನಾಗಿ ಕೊಡುವುದಕ್ಕಿಂತ ನಾಲ್ವರು ಸೇರಿ ಕೊಡುವುದು. 1876ರ ಕಬ್ಬಿಣದ ಗುಂಡಿಗೆ ಅಂದಿನ ಸವಾರರು ಕೊಟ್ಟ ಉತ್ತರ ಚಾಟಿಯಾಗಿರಲಿಲ್ಲ, ಮೊಕದ್ದಮೆಯಾಗಿತ್ತು. ನೂರಾರು ಸವಾರರು ಒಟ್ಟಾಗಿ ನಿಂತದ್ದರಿಂದ ಅದಕ್ಕೆ ಬಲ ಬಂತು.

ಮೋಟಾರಿನಲ್ಲಿ ಕುಳಿತ ಶ್ರೋತೃಗಳಿಗೂ ಒಂದು ಮಾತು. ಮುಂದೆ ಸಾಗುತ್ತಿರುವ ಸೈಕಲ್ಲು ಹಾಲಿನವನದಿರಬಹುದು, ಪರೀಕ್ಷೆಗೆ ಹೊರಟ ಹುಡುಗಿಯದಿರಬಹುದು, ಕಟ್ಟಡದ ಕೆಲಸ ಮುಗಿಸಿ ಮನೆಗೆ ಮರಳುವ ಕೂಲಿಯವನದಿರಬಹುದು. ಅವರ ಹಿಂದೆ ಅರ್ಧ ನಿಮಿಷ ನಿಧಾನವಾಗಿ ಬರುವುದರಿಂದ ನಮಗೆ ಆಗುವ ನಷ್ಟ ಆ ಅರ್ಧ ನಿಮಿಷ ಮಾತ್ರ. ಹಾರನ್ನು ನಾವಿದ್ದೇವೆಂದು ತಿಳಿಸಬಲ್ಲುದು. ಅವರನ್ನು ಸುರಕ್ಷಿತವಾಗಿ ದಾಟಿಹೋಗುವ ಕೆಲಸವನ್ನು ಅದು ಮಾಡಲಾರದು. ಆ ಕೆಲಸ ಬ್ರೇಕಿನ ಮೇಲಿರುವ ಕಾಲಿಗೆ ಸೇರಿದ್ದು.